ಮುಡಿಗೇರಿದ ಮೆಣಸಿನ ಸಸಿ

ದಾಂಡೇಲಿಗೆ ಸೊಸೆಯಾಗಿ ಬಂದ ಮೊದಲ ವರ್ಷವೇ ಕಲಿತೆ: ಇಲ್ಲಿ ದಸರೆಗೆ ಮುಂಚೆ ಅಂಗಳದಲ್ಲಿ ಬೀಜ ಹಾಕುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಮಳೆ ಕೊಳೆಸುತ್ತದೆ, ಮಳೆ ಬಿಟ್ಟದ್ದನ್ನು ಬಸವನಹುಳು ತಿನ್ನುತ್ತದೆ, ಅದೂ ಬಿಟ್ಟದ್ದನ್ನು ಮಂಗ ಕಿತ್ತು ನೋಡಿ ಎಸೆಯುತ್ತದೆ. ಹಾಗಾಗಿ ಮಿಲ್ಲಿನ ಕ್ವಾರ್ಟರ್ಸಿನ ನಮ್ಮ ಪುಟ್ಟ ಮನೆಯೊಳಗೇ ಸಸಿಗಳ ಸಂಸಾರ. ಫ್ರಿಜ್ಜಿನ ಮೇಲೆ ಬದನೆ, ಕಿಟಕಿಯಲ್ಲಿ ಟೊಮೆಟೊ. ನಮ್ಮವರು ಡ್ಯೂಟಿ ಮುಗಿಸಿ ಬಂದು, "ನಾ ಎಲ್ಲಿ ಕೂಡ್ಲಿ, ಕುಂಡದಾಗೇನ?" ಎನ್ನುತ್ತಾರೆ.

ಹೋದ ವರ್ಷ ಇವುಗಳ ಜೊತೆಗೆ ಅವ್ವನ ಮೆಣಸಿನಕಾಯಿಯೂ ಸೇರಿತು. ಧಾರವಾಡದ ಕಡೆಯ ನನ್ನ ತವರಿನ ಹಿತ್ತಲಲ್ಲಿ ಅವ್ವ ವರ್ಷವೂ ಬೆಳೆಯುತ್ತಿದ್ದ ಗಿಡ್ಡನೆಯ, ಕಡುಗೆಂಪು ಕಾಯಿ. ಅಂಥದ್ದನ್ನು ನಾನು ಯಾವ ಸಂತೆಯಲ್ಲೂ ನೋಡಿಲ್ಲ. ಅವ್ವ ತೀರಿಕೊಂಡ ಮೇಲೆ ಹಿತ್ತಲು ಪಾಳುಬಿತ್ತು. ಅಡುಗೆಮನೆಯ ಗೂಟಕ್ಕೆ ತೂಗಿದ್ದ ಒಂದು ಸರ ಒಣಕಾಯಿ ನನ್ನ ಪಾಲಿಗೆ ಬಂತು. ಬೀಜವನ್ನೆಲ್ಲ ಹಾಕಿದೆ. ಹಳೆಯ ಬೀಜ, ಎದ್ದದ್ದು ಒಂದು ಹಿಡಿ ಸಸಿ. ಇವು ಹೋದರೆ ಅವ್ವನ ಕಾಯಿ ಮುಗಿದೇ ಹೋಯಿತು.

ಅವಕ್ಕೆ ಬೆಚ್ಚಗಿನ ಜಾಗ ಬೇಕಿತ್ತು. ನವರಾತ್ರಿಯಲ್ಲಿ ಹಗಲಿರುಳು ದೀಪ ಉರಿಯುವ ದೇವರ ಕೋಣೆಗಿಂತ ಬೆಚ್ಚಗಿನ ಜಾಗ ಎಲ್ಲಿದೆ? ಅತ್ತೆ ಅಲ್ಲಿ ಘಟ ಇಟ್ಟಿದ್ದರು. ತಟ್ಟೆಯ ಮಣ್ಣಲ್ಲಿ ಗೋಧಿ, ಜೋಳ, ಹೆಸರು ಎಲ್ಲ ಮೊಳೆಸಿ, ನಡುವೆ ಕಲಶ. ದಸರೆಯ ದಿನ ಆ ಮೊಳಕೆ ಕಿತ್ತು ದೇವಿಯ ಪ್ರಸಾದವೆಂದು ಮುಡಿಯುವುದು ನಮ್ಮ ಪದ್ಧತಿ. "ಇಡು ಯವ್ವಾ, ದೇವಿ ಒಲ್ಲೆ ಅಂತಾಳೇನು?" ಎಂದು ಪಕ್ಕದಲ್ಲೇ ನನ್ನ ಸಸಿಗಳ ತಟ್ಟೆಗೂ ಜಾಗ ಕೊಟ್ಟರು.

ದಸರೆಯ ಬೆಳಿಗ್ಗೆ ಪೂಜೆಗೆ ಜಾಗ ಮಾಡಲು ನಮ್ಮವರು ಎರಡೂ ತಟ್ಟೆಗಳನ್ನು ಒತ್ತಟ್ಟಿಗೆ ಸರಿಸಿದರು. ಅತ್ತೆಯ ಕಣ್ಣಲ್ಲಿ ಪೊರೆ. ನಾನು ಹೋಳಿಗೆ ಲಟ್ಟಿಸುತ್ತಿದ್ದಾಗ ಬಂದು ನನ್ನ ತುರುಬಿಗೆ ಮೊಳಕೆ ಸಿಕ್ಕಿಸಿದರು. ಬನ್ನಿ ಕೊಡಲು ಬಂದ ಅಕ್ಕಪಕ್ಕದ ಹೆಂಗಸರಿಗೂ ಕೊಟ್ಟು ಕಳಿಸಿದರು. ಎಲ್ಲ ಹೋದ ಮೇಲೆ ತುರುಬಿಗೆ ಕೈ ಹೋಯಿತು. ಗೋಧಿಯ ಎಳೆಗಳ ನಡುವೆ ನಾಲ್ಕೆಲೆಯ ಪುಟ್ಟ ಸಸಿ. ದೇವರ ಕೋಣೆಗೆ ಓಡಿದೆ. ಅವ್ವನ ಸಸಿಗಳ ತಟ್ಟೆ ಬರಿದಾಗಿತ್ತು. ಲಟ್ಟಣಿಗೆ ಹಿಡಿದುಕೊಂಡೇ ಕೂತು ಅತ್ತುಬಿಟ್ಟೆ.

ಅತ್ತೆ ತಟ್ಟೆಯ ಮಣ್ಣನ್ನು ಬೆರಳಿಂದ ಸವರಿದರು. "ಹೆಸರಿನ ಮೊಳಕಿ ಅಂತ ತಿಳಿದ್ನೆವ್ವಾ," ಎಂದರು. ಎದ್ದು ಚಪ್ಪಲಿ ಮೆಟ್ಟಿದರು.

"ಎಲ್ಲಿಗ್ರೀ ಅತ್ತಿ?"

"ತಿರುಗಿ ಇಸಕೊಂಡ ಬರ್ತೇನಿ."

ಮಡಿಗೆ ಬೆಕ್ಕಿನ ಬಾಲ ತಾಗಿದರೂ ಮತ್ತೆ ಸ್ನಾನ ಮಾಡುವ ಹೆಂಗಸು ಅವರು. ಕೊಟ್ಟ ಪ್ರಸಾದವನ್ನು ವಾಪಸು ಕೇಳುವುದುಂಟೇ? ಬೇಡವೆಂದೆ. "ದೇವಿ ಸಿಟ್ಟಾದ್ರ ನಾ ನೋಡ್ಕೋತೇನಿ. ಅಕಿನೂ ತಾಯಿನ ಅಲ್ಲೇನು?" ಎಂದು ಹೊರಟೇಬಿಟ್ಟರು.

ಹಬ್ಬದ ದಿನ, ಮನೆ ಮನೆಯ ಬಾಗಿಲು ತಟ್ಟಿ ಕೇಳಿದರು. ಹೆಂಗಸರು ನಗುನಗುತ್ತ ತುರುಬಿನಿಂದ ಬಿಚ್ಚಿ ಕೊಟ್ಟರಂತೆ. ಬಹುಪಾಲು ಬಾಡಿದ್ದವು. ಕೊನೆಗೆ ಕ್ವಾರ್ಟರ್ಸಿನವರೆಲ್ಲ ಭಾಭಿ ಎಂದು ಕರೆಯುವ ಮೆಕ್ಯಾನಿಕ್ಕನ ಹೆಂಡತಿ ಅತ್ತೆಯ ಕೈಹಿಡಿದು ತಾನೇ ಬಂದಳು. ಇನ್ನೊಂದು ಕೈಯಲ್ಲಿ ಚಹಾದ ಗ್ಲಾಸು, ಅದರ ನೀರಲ್ಲಿ ಅವಳ ಪಾಲಿನ ಸಸಿಗಳು ನೆಟ್ಟಗೆ ನಿಂತಿದ್ದವು. "ಬೇರ ಇತ್ತಲ್ರೀ, ಸಾಯಾಕ ಹೆಂಗ ಬಿಡೂದು ಅಂತ ನೀರಾಗ ಇಟ್ಟೆ," ಎಂದಳು. ಅವಳನ್ನು ತಬ್ಬಿಕೊಂಡೆ. ಹಿಟ್ಟಿನ ಕೈ, ಅವಳ ಹಬ್ಬದ ಸೀರೆಯೆಲ್ಲ ಹಿಟ್ಟಾಯಿತು.

ಬದುಕಿದ್ದು ಹೆಚ್ಚುಕಮ್ಮಿ ಆ ಗ್ಲಾಸಿನವೇ. ಮಳೆ ನಿಂತ ಮೇಲೆ ಅಂಗಳಕ್ಕೆ ಇಳಿದು, ಸಂಕ್ರಾಂತಿ ಕಳೆದು ಹಣ್ಣಾದವು. ಬೀಜಕ್ಕೆ ಬೇಕಾದಷ್ಟು ಎತ್ತಿಟ್ಟು, ಮಿಕ್ಕದ್ದನ್ನು ಅವ್ವನ ಹಾಗೆಯೇ ಬೆಳ್ಳುಳ್ಳಿ ಹಾಕಿ ಕುಟ್ಟಿದೆ. ಅತ್ತೆಗೆ ಖಾರ ಆಗಿಬರುವುದಿಲ್ಲ, ಡಾಕ್ಟರೂ ಬೇಡವೆಂದಿದ್ದಾರೆ. ಆದರೂ ಆ ದಿನ ರೊಟ್ಟಿ ಮುರಿದು, ಚಟ್ನಿ ಹಚ್ಚಿ ಬಾಯಿಗಿಟ್ಟರು. ಕಣ್ಣಲ್ಲಿ ಮೂಗಲ್ಲಿ ನೀರು.

"ನಮ್ಮ ಬೀಗತಿ ಕೈಯಾನ ಖಾರ ಭಾಳ ಜೋರ ಐತಿ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ತಾಟು ಮುಂದೆ ಹಿಡಿದರು. "ಇನ್ನೊಂದೀಟು ಹಾಕು."