ಛತ್ರಿ ಸಾಹುಕಾರರ ಮೂಗು

ನನ್ನ ತಂಗಿಯ ಗಂಡ ಮುಖಸ್ತುತಿಯಿಂದಲೇ ಹೊಟ್ಟೆ ಹೊರೆಯುವ ಮನುಷ್ಯ. ಇದನ್ನು ಅವನೆದುರಿಗೇ ಹೇಳಿದ್ದೇನೆ. ಎಷ್ಟು ಚೆನ್ನಾಗಿ ಹೇಳಿದಿರಿ ಅಕ್ಕ ಎಂದು ನನ್ನನ್ನೇ ಹೊಗಳಿದ.

ಛತ್ರಿ ಕಾರ್ಖಾನೆಯಿಂದ ಸಿರಿವಂತರಾದ ಸಾಹುಕಾರರೊಬ್ಬರು ಕಟ್ಟಿಸಿದ ಬಂಗಲೆ ಈಗ ವಸ್ತುಸಂಗ್ರಹಾಲಯವಾಗಿದೆ. ಬಂದವರಿಗೆ ಅದನ್ನು ಸುತ್ತಿ ತೋರಿಸುವುದು ಇವನ ಕೆಲಸ. ಮೆಟ್ಟಿಲ ತಿರುವಿನಲ್ಲಿ ಸಾಹುಕಾರರ ಆಳೆತ್ತರದ ತೈಲಚಿತ್ರವಿದೆ. ಅದರ ಮುಂದೆ ನಿಂತವರಲ್ಲಿ ಒಬ್ಬರನ್ನು ಆರಿಸಿ, ನಿಮ್ಮದು ಥೇಟ್ ಸಾಹುಕಾರರ ಮೂಗು ಎನ್ನುತ್ತಾನೆ. ಮೂಗಿಗೆ ಆಸ್ಪದವಿಲ್ಲದಿದ್ದರೆ ಕಿವಿ. ಬೋಳುತಲೆಯವರಿಗೆ ಹಣೆ. ಒಮ್ಮೆ ದಂತವೈದ್ಯೆಯೊಬ್ಬರಿಗೆ ಅದೇ ಮೀಸೆ ಎನ್ನಲು ಹೊರಟು, ಅರ್ಧಕ್ಕೇ ತಡೆದು, ಅದೇ ಗಾಂಭೀರ್ಯ ಎಂದು ತಿದ್ದಿಕೊಂಡನಂತೆ. ಹೊಗಳಿಸಿಕೊಂಡವರು ಉಳಿದ ಕೋಣೆಗಳಲ್ಲಿ ಸ್ವಂತ ಮನೆಯೆಂಬಂತೆ ಓಡಾಡಿ, ಪರದೆಗಳ ಧೂಳಿನ ಬಗ್ಗೆ ದೂರು ಕೊಟ್ಟು ಹೋಗುತ್ತಾರೆ.

ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆದೇಶಕ್ಕೆ ಸಹಿ ಹಾಕಬೇಕಾದವನು ಸಾಹುಕಾರರ ಮೊಮ್ಮಗ. ಅವನು ಬರುವ ದಿನ ತಂಗಿ ಧೈರ್ಯಕ್ಕೆಂದು ನನ್ನನ್ನೂ ಎಳೆದುಕೊಂಡು ಹೋದಳು. "ಇವತ್ತೊಂದಿನ ಇವ್ರ ಬಾಯಿ ಕೈ ಕೊಡದಿದ್ರೆ ಸಾಕು," ಎಂದಳು. ಅದರ ಬಗ್ಗೆ ಚಿಂತೆಯೇ ಬೇಡ ಎಂದೆ.

ಮೊಮ್ಮಗ ಅಜ್ಜನಂಥದೇ ಮೀಸೆ ಬೆಳೆಸಿಕೊಂಡಿದ್ದ. ಜೊತೆಗೆ ಬಾಗಿಲಿನಷ್ಟು ದೊಡ್ಡದಾದ ತನ್ನದೊಂದು ಫೋಟೊ ಮತ್ತು ಏಣಿ ತಂದಿದ್ದ. ತೈಲಚಿತ್ರವನ್ನು ಇಳಿಸಿ ಉಗ್ರಾಣಕ್ಕೆ ಹಾಕುವುದು, ಆ ಜಾಗದಲ್ಲಿ ಫೋಟೊ ತೂಗುಹಾಕುವುದು ಅವನ ಯೋಜನೆ. ಇಬ್ಬರ ಮುಖವೂ ಒಂದೇ ಆಗಿರುವಾಗ ಬಣ್ಣ ಮಾಸಿದ ಚಿತ್ರವೇ ಏಕಿರಬೇಕು ಎಂಬುದು ಅವನ ವಾದ.

"ನೀವೇ ಹೇಳಿ," ಎಂದು ಚಿತ್ರದ ಕೆಳಗೆ ನಿಂತ. "ತಾತನ ಹಾಗೇ ಇದ್ದೀನಲ್ವಾ?"

ನಮ್ಮವನು ಚಿತ್ರ ನೋಡಿದ, ಮೊಮ್ಮಗನನ್ನು ನೋಡಿದ. ಮೂಗು ನಿಜಕ್ಕೂ ಅಜ್ಜನದೇ. ಕನ್ನಡಕ ಮರೆತು ಬಂದಿದ್ದ ನನಗೂ ಕಾಣುತ್ತಿತ್ತು. ನಮ್ಮವನ ಜೀವಮಾನದಲ್ಲಿ ಹೊಗಳಿಕೆ ಸತ್ಯವೂ ಆಗುವ ಸಂದರ್ಭ ಒದಗಿದ್ದು ಅದೊಂದೇ.

"ಇಲ್ಲ ಸಾರ್," ಎಂದ. "ಒಂಚೂರೂ ಹೋಲಲ್ಲ."

ತಂಗಿ ನನ್ನ ತೋಳು ಚಿವುಟಿದಳು. ಮೊಮ್ಮಗ ಮೀಸೆ ನೀವಿಕೊಂಡು, ಚಿತ್ರದಲ್ಲಿದ್ದಂತೆಯೇ ಗದ್ದ ಎತ್ತಿ, ಪಕ್ಕಕ್ಕೆ ತಿರುಗಿದ.

"ಈಗ?"

"ಈಗಂತೂ ಯಾರೋ ಬೇರೆ ಮನೆಯವರ ಹಾಗೆ ಕಾಣ್ತೀರಿ."

ಹಾಗೆಂದವನು, ಚಿತ್ರ ಇಳಿಸಲೆಂದು ಗೋಡೆಗೊರಗಿಸಿದ್ದ ಏಣಿಯನ್ನು ಹೆಗಲಿಗೇರಿಸಿಕೊಂಡ. ಯಾರಿಗೂ ತಗುಲದಂತೆ ಹುಷಾರಾಗಿ ತಿರುಗಿಸಿ, ಮೆಟ್ಟಿಲಿಳಿದು ಹಿತ್ತಲ ಕಡೆ ಹೊರಟುಹೋದ.