ಒಂದೇ ಗೇರಿನಲ್ಲಿ ಕೊಡಚಾದ್ರಿ

ಭಾನುವಳ್ಳಿಯ ಸೈಕಲ್ ಶಾಪಿನ ಬಸಣ್ಣನವರು ನನ್ನ ಇಪ್ಪತ್ತೊಂದು ಗೇರಿನ ಸೈಕಲ್ಲಿನ ಇಪ್ಪತ್ತು ಗೇರುಗಳಿಗೆ ಮಂಗಳ ಹಾಡಿ, ಮುರಿದ ಕಬ್ಬಿಣವನ್ನು ಹಳೇ ಪೇಪರಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. (ಪೇಪರ್ ನಮ್ಮದೇ. ನನ್ನ ಅಂಕಣದ ಪುಟವೇ. ಇರಲಿ.)

“ಇನ್ನೂ ಒಂದು ಗೇರ್ ಐತಲ್ರಿ ಅಕ್ಕಾರೆ. ಸಾಕು ಬಿಡ್ರಿ,” ಎಂದರು.

ಸಾಕೇ? ನಾವು ಹೊರಟಿದ್ದು ಕೊಡಚಾದ್ರಿಗೆ!

ನಾವು ಅಂದರೆ ಮೂವರು. ಕಾಲೇಜಿನಲ್ಲಿ ಪಾಠ ಮಾಡುವ ಗೀತಾ, ಟೈಲರಿಂಗ್ ಅಂಗಡಿ ನಡೆಸುವ ಮುಮ್ತಾಜ್, ಮತ್ತು ನಾನು. ಮೂವರಿಗೂ ಐವತ್ತು ದಾಟಿದೆ, ಮೂವರಿಗೂ ದಪ್ಪ ಚಕ್ರದ ಮೌಂಟೇನ್ ಬೈಕ್ ಇದೆ. ದಾವಣಗೆರೆಯಿಂದ ಕೊಡಚಾದ್ರಿಗೆ ಹೆಚ್ಚುಕಮ್ಮಿ ಇನ್ನೂರು ಕಿಲೋಮೀಟರ್, ಮೂರು ದಿನದ ದಾರಿ. ನಮ್ಮದು ಒಂದೇ ಕರಾರು: ಹೋದರೆ ಮೂವರೂ ಹೋಗಬೇಕು, ಬಂದರೆ ಮೂವರೂ ಬರಬೇಕು.

ಈ ಕರಾರಿನ ದೆಸೆಯಿಂದ ಹಿಂದೆ ಮೂರು ಸಲ ಹೊರಟು ಮೂರು ಸಲವೂ ದಣಿವಾರಿಸಿಕೊಳ್ಳಲು ನಿಂತ ಹರಿಹರದ ಹೊಳೆ ಸೇತುವೆಯಿಂದಲೇ ವಾಪಸ್ ಬಂದಿದ್ದೇವೆ. ಮೂರು ಸಲವೂ ನನ್ನಿಂದಲೇ. ಮೊದಲ ಸಲ ಸೊಂಟ ಹಿಡಿಯಿತು. ಎರಡನೇ ಸಲ ಮನೆಗೆ ನೆಂಟರು ಬಂದರೆಂದು ಫೋನ್ ಬಂತು. ಮೂರನೇ ಸಲ ಏನೂ ಆಗಿರಲಿಲ್ಲ. ಸುಮ್ಮನೆ ಹೊಳೆ ನೋಡಿದೆ, ಮುಂದಿನ ದಾರಿ ನೆನೆಸಿಕೊಂಡೆ, ಹೆದರಿಬಿಟ್ಟೆ. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿದೆ. (ಗೀತಾ, ಓದುತ್ತಿದ್ದರೆ ಕ್ಷಮಿಸು.)

ಪ್ರತಿ ಸಲವೂ ಅವರಿಬ್ಬರು ಸೈಕಲ್ ತಿರುಗಿಸಿದರು. “ಮುಂದಿನ ಸಲ ಹೋದ್ರಾತು ಬಿಡೇ,” ಅಂದರು. ಬೈದಿದ್ದರೆ ಚೆನ್ನಾಗಿತ್ತು. ಬೈಯದೇ ಇದ್ದದ್ದು ಇವತ್ತಿಗೂ ಚುಚ್ಚುತ್ತದೆ.

ಈ ಸಲ ಮುಂದಿನ ಸಲ ಎನ್ನುವುದೇ ಇರಲಿಲ್ಲ. ಗೀತಾಗೆ ಬೀದರಿಗೆ ವರ್ಗವಾಗಿ ಆರ್ಡರ್ ಕೈಗೆ ಬಂದಿತ್ತು. ಇನ್ನು ಮೂವರ ರಜೆ ಒಟ್ಟಿಗೆ ಕೂಡುವುದು ಯಾವ ಕಾಲಕ್ಕೆ? ಹಾಗಾಗಿ ಹರಿಹರಕ್ಕೆ ಬಂದಾಗ ನಾನು ಸೇತುವೆಯ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಸೀದಾ ಮಲೆಬೆನ್ನೂರಿನ ದಿಕ್ಕು. ಲಾರಿಗಳ ಕಾಟ ಬೇಡವೆಂದು ಒಳದಾರಿ ಹಿಡಿದೆವು. ಒಂದು ಕಡೆ ಚಾನೆಲ್ ನೀರು, ಇನ್ನೊಂದು ಕಡೆ ಕೊಯ್ದ ಗದ್ದೆ. ಎಂಥಾ ಹುರುಪು ಅಂತೀರಿ!

ಆ ಹುರುಪೇ ಕೆಡಿಸಿತು. ಭಾನುವಳ್ಳಿಯ ಹತ್ತಿರ ರಸ್ತೆ ತುಂಬಾ ಭತ್ತದ ಹುಲ್ಲು ಒಣಹಾಕಿದ್ದರು. ಗೀತಾ, ಮುಮ್ತಾಜ್ ಇಳಿದು ಸೈಕಲ್ ಎತ್ತಿಕೊಂಡು ನಡೆದರು. ನಾನು? ಮೌಂಟೇನ್ ಬೈಕಿನವಳು ಹುಲ್ಲಿಗೆ ಹೆದರುವುದೇ? ನುಗ್ಗಿಸಿದೆ. ಹತ್ತು ಮಾರು ಹೋಗಿರಬೇಕು, ಹುಲ್ಲು ಹಿಂದಿನ ಚಕ್ರಕ್ಕೆ ಸುತ್ತಿಕೊಂಡು, ಗೇರ್ ಬದಲಿಸುವ ಕಬ್ಬಿಣದ ಕೈಯನ್ನು ಕಡ್ಡಿಗಳ ಒಳಗೆ ಎಳೆದುಕೊಂಡಿತು. ಲಟಕ್! ಮುರಿದೇ ಹೋಯಿತು.

ಹುಲ್ಲು ತಿರುವಿ ಹಾಕುತ್ತಿದ್ದ ಹೆಂಗಸು ಓಡಿ ಬಂದು, “ಇಳ್ದು ಬರಬಾರ್ದೇನ್ರಿ? ಟ್ರ್ಯಾಕ್ಟರ್‌ನೋರೇ ನೋಡ್ಕಂಡು ಬರ್ತಾರೆ,” ಎಂದು ಗದರಿದಳು. ಆಮೇಲೆ ಅವಳೇ ಬಸಣ್ಣನವರ ಶಾಪ್ ತೋರಿಸಿದಳು.

ಬಸಣ್ಣನವರಿಗೆ ಅರವತ್ತೈದರ ಮೇಲಿರಬೇಕು. ಸೈಕಲ್ಲನ್ನು ತಲೆಕೆಳಗೆ ಮಾಡಿ ನಿಲ್ಲಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. “ಈ ಸಾಮಾನು ನನ್ನತ್ರ ಇಲ್ಲ. ಚೈನ್ ಕತ್ತರಿಸಿ ಗಿಡ್ಡ ಮಾಡಿ ಒಂದೇ ಹಲ್ಲುಚಕ್ರದ ಮ್ಯಾಲೆ ಕೂಡಿಸ್ತೀನಿ. ಏರಿಗೆ ಹಾಕ್ಲೋ, ಸಪಾಟಿಗೆ ಹಾಕ್ಲೋ?”

“ಅಂದ್ರೆ?”

“ವಾಪಸ್ ದಾವಣಗೆರೆಗೆ ಹೋಗೋರಾದ್ರೆ ಸಪಾಟಿಗೆ ಹಾಕ್ತೀನಿ, ಆರಾಮಾಗಿ ಹೋಗ್ತೀರಿ. ಗುಡ್ಡ ಹತ್ತೋರಾದ್ರೆ ಏರಿಗೆ. ಎರಡೂ ಬೇಕಂದ್ರೆ ಆಗಲ್ಲ.”

ಅಷ್ಟರಲ್ಲಿ, ಮುಮ್ತಾಜಳಿಂದ ಸುದ್ದಿ ತಿಳಿದ ನಮ್ಮ ಯಜಮಾನರ ಫೋನು. “ಲಗೇಜ್ ಆಟೋ ಕಳಿಸ್ಲೇನು?” ಪಾಪ, ಒಳ್ಳೇ ಮನಸ್ಸಿನಿಂದಲೇ ಕೇಳಿದರು. ಗೀತಾ ನನ್ನ ಹೆಗಲ ಮೇಲೆ ಕೈಯಿಟ್ಟಳು. “ಇರ್ಲಿ ಬಿಡೇ. ಮುಂದಿನ ಸಲ ಹೋದ್ರಾತು.”

ಯಾವ ಮುಂದಿನ ಸಲ? ಬೀದರಿನ ಆರ್ಡರ್ ಬ್ಯಾಗಿನಲ್ಲಿಟ್ಟುಕೊಂಡೇ ಈ ಮಾತು ಆಡುತ್ತಿದ್ದಳಲ್ಲ! ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಅವಳ ಮೇಲಲ್ಲ, ನನ್ನ ಮೇಲೆ.

“ಏರಿಗೆ ಹಾಕ್ರಿ ಬಸಣ್ಣಾರೆ,” ಎಂದೆ. ಆಟೋ ಬೇಡವೆಂದು ಫೋನ್ ಇಟ್ಟೆ.

ಏರಿನ ಗೇರಿನಲ್ಲಿ ಸಪಾಟು ರಸ್ತೆ ತುಳಿಯುವುದೆಂದರೆ ಏನು ಗೊತ್ತೇ? ಕಾಲು ಮಿಕ್ಸಿ ತಿರುಗಿದ ಹಾಗೆ ತಿರುಗುತ್ತದೆ, ಸೈಕಲ್ ಮಾತ್ರ ಮದುವೆ ಮೆರವಣಿಗೆಯ ಹಾಗೆ ಸಾಗುತ್ತದೆ. ಮಲೆಬೆನ್ನೂರಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡ ಅಜ್ಜನೊಬ್ಬ ತನ್ನ ಹಳೇ ಸೈಕಲ್ಲಿನಲ್ಲಿ ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕ. “ಏನೇ ಇದು, ಕರೆಂಟ್ ಹೊಡ್ದಂಗೆ ತುಳೀತಿದೀಯಲ್ಲೇ!” ಎಂದು ಮುಮ್ತಾಜ್ ಹೊನ್ನಾಳಿಯವರೆಗೂ ನಗಾಡಿದಳು. ನಕ್ಕಳು ನಿಜ, ನನ್ನ ಬಿಟ್ಟು ಒಂದು ಮಾರೂ ಮುಂದೆ ಹೋಗಲಿಲ್ಲ.

ಶಿವಮೊಗ್ಗದಲ್ಲಿ ರಿಪೇರಿ ಆಗಲಿಲ್ಲವೇ ಅಂತೀರಾ? ಆ ಮಾಡೆಲಿನ ತುಂಡು ತರಿಸಲು ನಾಲ್ಕು ದಿನ ಬೇಕೆಂದರು. ನಡೀರಿ ಹಂಗೇ, ಎಂದೆ.

ಮೂರನೇ ದಿನ ಕೊಡಚಾದ್ರಿಯ ಜೀಪ್ ದಾರಿ ಶುರುವಾಯಿತು. ಕೆಂಪು ಧೂಳು, ಉರುಳುವ ಕಲ್ಲು, ನೆಟ್ಟಗೆ ಮೇಲಕ್ಕೆ ಎದ್ದ ದಾರಿ. ಗೀತಾ ಟಕ್ ಟಕ್ ಎಂದು ಗೇರ್ ಇಳಿಸಿದಳು. ಮುಮ್ತಾಜಳೂ ಇಳಿಸಿದಳು. ಇಳಿಸಿ ಇಳಿಸಿ ಕೊನೆಗೆ ಇಬ್ಬರೂ ಬಂದು ನಿಂತಿದ್ದು ಯಾವ ಗೇರಿಗೆ? ನನ್ನ ಗೇರಿಗೇ! ಆ ಗುಡ್ಡದಲ್ಲಿ ಅವರ ಉಳಿದ ಇಪ್ಪತ್ತು ಗೇರುಗಳೂ ನನ್ನ ಪೇಪರಿನ ಪೊಟ್ಟಣದಷ್ಟೇ ಉಪಯೋಗಕ್ಕೆ ಬಂದವು. ಕಲ್ಲು ಜಾರುವ ಕಡೆ ಮೂವರೂ ಇಳಿದು ತಳ್ಳಿದೆವು. (ತಳ್ಳಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಸುಳ್ಳಿನ ಕೋಟಾ ಸೇತುವೆಯ ಹತ್ತಿರವೇ ಮುಗಿದಿದೆ.) ಮೇಲೆ ತಲುಪಿದಾಗ ಗೀತಾ ನೆಲದ ಮೇಲೆ ಅಂಗಾತ ಮಲಗಿ ಗೊಳೋ ಎಂದು ಅತ್ತಳು. ನಾವೂ ಅತ್ತೆವು.

ವಾಪಸ್ ಬಂದ ಮೇಲೆ ಭಾನುವಳ್ಳಿಗೆ ಹೋಗಿ ಬಸಣ್ಣನವರಿಗೆ ಬೆಟ್ಟದ ಮೇಲೆ ಸೈಕಲ್ ಜೊತೆ ತೆಗೆದ ಫೋಟೋ ತೋರಿಸಿದೆ. ಬೆಟ್ಟ ನೋಡಲಿಲ್ಲ, ನಮ್ಮ ಮುಖ ನೋಡಲಿಲ್ಲ. ಕನ್ನಡಕ ಏರಿಸಿ, “ಚೈನ್ ಬಿಗಿಯಾಗೇ ಐತಲ್ರಿ,” ಎಂದು ಪಂಕ್ಚರ್ ಕೆಲಸಕ್ಕೆ ಬಗ್ಗಿದರು.

ಸೋಮವಾರ ಗೀತಾ ಬೀದರ್ ಬಸ್ ಹತ್ತಿದಳು. ಕಿಟಕಿಯಲ್ಲಿ ಕೈ ಬೀಸಿದಳು, ಏನೇನೋ ಹೇಳಿದಳು. ಮುಂದಿನ ಸಲ ಎಂದು ಮಾತ್ರ ಅನ್ನಲಿಲ್ಲ.

ಅದಿರಲಿ, ನೀವು ಯಾವ ಸೇತುವೆಯಿಂದ ವಾಪಸ್ ಬರ್ತಿದ್ದೀರಿ?