ಉಣುಗು ಹಿಡಿಯುವ ನೀಲಾಂಬಿಕೆ

ನರಸಿಂಹರಾಜಪುರದ ಪೇಟೆಯಲ್ಲಿ ಎಣ್ಣೆ, ಹಿಂಡಿ ಮಾರುವ ಕರಿಬಸವಯ್ಯನವರನ್ನು ಅರಿಯದವರು ಕಡಿಮೆ. ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಮಾತ್ರ ಅವರು ‘ಸೈಂಟಿಸ್ಟು’ ಎಂದಷ್ಟೇ ಹೇಳಿ ಹಿಂಡಿ ತೂಗಲು ತಿರುಗಿಬಿಡುತ್ತಿದ್ದರು. ಅದಕ್ಕಿಂತ ಹೆಚ್ಚು ಅವರಿಗೂ ತಿಳಿದಿರಲಿಲ್ಲ.

ಮಗಳು ನೀಲಾಂಬಿಕೆ ಮೊದಲು ಬಿದ್ದದ್ದು ಕಪ್ಪೆಗಳ ಹಿಂದೆ. ಶೃಂಗೇರಿ ಕಡೆಯ ಹಳ್ಳಗಳಲ್ಲಿ ನೋಡಲು ಒಂದೇ ತರಹದ ಕಪ್ಪೆಗಳು ಎರಡು ಬಗೆಯಲ್ಲಿ ಕೂಗುವುದನ್ನು ಕೇಳಿ, ಅವುಗಳ ವಂಶವಾಹಿ ಪರೀಕ್ಷಿಸಿ, ಅವು ಎಷ್ಟೋ ಲಕ್ಷ ವರ್ಷಗಳ ಹಿಂದೆಯೇ ಪಾಲಾಗಿಹೋದ ದಾಯಾದಿಗಳು ಎಂದು ತೋರಿಸಿದಳು. ಅದಕ್ಕೆ ಡಾಕ್ಟರೇಟು ಬಂತು. ಆಮೇಲೆ ಕೊಪ್ಪದ ಬಳಿಯ ಮೇಗುಂದದ ಸುತ್ತ ಕಾಡು ಹೋಗಿ ತೋಟವಾದ ಕಡೆ ಯಾವ ಜೀವ ಉಳಿಯುತ್ತದೆ, ಯಾವುದು ಓಡುತ್ತದೆ ಎಂದು ನೋಡಲು ಇಲಿ, ಮೂಗಿಲಿಗಳನ್ನು ಬೋನಿನಲ್ಲಿ ಹಿಡಿದು ಗುರುತು ಹಾಕಿ ಬಿಡತೊಡಗಿದಳು. ಆ ಇಲಿಗಳ ಕಿವಿಯಲ್ಲಿ ಸಾಸಿವೆಗಿಂತ ಸಣ್ಣ ಉಣುಗುಗಳು ಕಚ್ಚಿಕೊಂಡಿದ್ದವು. ಅವು ಹೊತ್ತು ತರುವ ರೋಗ ಯಾವುದು ಎಂಬಲ್ಲಿಗೆ ಅವಳ ಲಕ್ಷ್ಯ ಹೊರಳಿತು.

‘ಅಲ್ಲ ಕಣೇ, ಕಪ್ಪೆ ಆಯ್ತು, ಇಲಿ ಆಯ್ತು, ಈಗ ಉಣುಗಾ? ಒಂದು ಕಡೆ ನಿಲ್ಲೋದು ಯಾವಾಗ?’ ಎಂದರು ಕರಿಬಸವಯ್ಯ.

‘ಒಂದೇ ಕಡೆ ನಿಂತಿದ್ದೀನಿ ಅಪ್ಪಾ. ಯಾವುದು ಯಾವುದನ್ನ ನಂಬಿಕೊಂಡು ಬದುಕುತ್ತೆ, ಹಂಗೆ ಬದುಕ್ತಾ ಹೆಂಗೆ ಬದಲಾಗುತ್ತೆ ಅನ್ನೋದಷ್ಟೇ ನಾನು ನೋಡೋದು.’

‘ಹೆಣ್ಣು ಕೇಳೋಕೆ ಬಂದವರಿಗೂ ಇದನ್ನೇ ಹೇಳಲಾ?’

ಅದಕ್ಕೆ ಅವಳು ನಕ್ಕಳು.

2006ರ ಜನವರಿಯಲ್ಲಿ ಬೋನು ಇಡಲೆಂದು ಮೊದಲ ಸಲ ಕಡಹಿನಬೈಲು ಎಂಬ ಹಳ್ಳಿಗೆ ಹೋದಾಗ, ಕೃಷಿಕ ಮಹೇಶ್ವರನ ಗದ್ದೆಯ ಮೇಲಿನ ಕಾಡಂಚಿನಲ್ಲಿ ಜನ ಸೇರಿದ್ದರು. ಕರಿಮೋರೆಯ ಮಂಗ, ಒಂದು ಮುಸಿಯ, ಸತ್ತು ಬಿದ್ದಿತ್ತು. ಅದರ ಹಣೆಗೆ ಕುಂಕುಮ ಹಚ್ಚಿ, ಊರೊಳಗೆ ಹೊತ್ತೊಯ್ದು ಮಣ್ಣು ಮಾಡಲು ಬಿದಿರಿನ ಚಟ್ಟ ಕಟ್ಟುತ್ತಿದ್ದರು.

‘ಹೊತ್ತುಕೊಂಡು ಹೋಗಬೇಡಿ. ಇಲ್ಲೇ ಸುಡೋಣ. ಸುತ್ತಲಿನ ದರಗೂ ಸುಡಬೇಕು’ ಎಂದಳು ನೀಲಾಂಬಿಕೆ.

ಮಹೇಶ್ವರನಿಗೆ ಸಿಟ್ಟು ಬಂತು. ‘ಎಂತ ಮಾತಾಡ್ತೀರಿ ಮೇಡಂ? ಆಂಜನೇಯನ ಕುಲ ಅದು. ಕಸ ಸುಟ್ಟಂಗೆ ಸುಡಕ್ಕಾಗ್ತದಾ?’

ನೀಲಾಂಬಿಕೆ ಚೀಲದಿಂದ ಬಿಳಿ ಬಟ್ಟೆ ತೆಗೆದು, ಹೆಣದ ಪಕ್ಕ ದರಗಿನ ಒಣ ಎಲೆಗಳ ಮೇಲೆ ಎಳೆದು, ಎತ್ತಿ ತೋರಿಸಿದಳು. ಬಟ್ಟೆಯ ತುಂಬ ಕಂದು ಚುಕ್ಕೆಗಳು ಹರಿದಾಡುತ್ತಿದ್ದವು. ‘ಮೈ ತಣ್ಣಗಾದ ಕೂಡಲೇ ಉಣುಗು ಇಳಿದು ಇನ್ನೊಂದು ಬಿಸಿ ಮೈ ಹುಡುಕುತ್ತವೆ. ಚಟ್ಟ ಹೋದ ದಾರಿ ಉದ್ದಕ್ಕೂ ಉದುರ್ತವೆ’ ಎಂದಳು.

ಮಹೇಶ್ವರನ ಹೆಂಡತಿ ಪ್ರೇಮಕ್ಕ ಬಟ್ಟೆಯನ್ನೇ ದಿಟ್ಟಿಸಿ, ‘ಈ ದರಗನ್ನೇ ಅಲ್ವಾ ನಾವು ಕೊಟ್ಟಿಗೆಗೆ ಹಾಸೋದು?’ ಎಂದಳು. ಆ ಮಾತಿಗೆ ಗಂಡಸರೂ ಹಿಂದೆ ಸರಿದರು. ಕೊನೆಗೆ ದೂರದಿಂದಲೇ ಕಾಯಿ ಒಡೆದು, ಕರ್ಪೂರ ಹಚ್ಚಿ, ಬಿದ್ದಲ್ಲಿಯೇ ಬೆಂಕಿ ಕೊಟ್ಟರು.

ವಾರ ಕಳೆಯುವಷ್ಟರಲ್ಲಿ ಮಹೇಶ್ವರ ಜ್ವರ ಬಂದು ಮಲಗಿದ. ತಲೆ ಸಿಡಿಯುವ ನೋವು, ವಸಡಿನಲ್ಲಿ ರಕ್ತ. ನೀಲಾಂಬಿಕೆ ಸುದ್ದಿ ತಿಳಿದು ಜೀಪು ಮಾಡಿಸಿ ಅವನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದಳು. ರಕ್ತಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದು ಬಂತು.

ಅಷ್ಟರಲ್ಲಿ ಊರಿನಲ್ಲಿ ಬೇರೆಯೇ ಮಾತು ಎದ್ದಿತ್ತು. ಊರೂರು ತಿರುಗಿ ಇಲಿ ಹಿಡಿಯುವ ಹೆಂಗಸೇ ರೋಗ ತಂದಳು ಎಂದು. ಗಂಡನ ಮಂಚದ ಪಕ್ಕ ಕೂತಿದ್ದ ಪ್ರೇಮಕ್ಕ ನೇರವಾಗಿಯೇ ಕೇಳಿದಳು, ‘ನಿಮ್ಮ ಇಲಿಯಿಂದ ಬಂತಾ ಇದು? ನಿಜ ಹೇಳಿ ಮಾರಾಯ್ರೆ.’

ಇಲ್ಲ ಎಂದುಬಿಟ್ಟಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ನೀಲಾಂಬಿಕೆಗೆ ಹಾಗೆ ಹೇಳಲಾಗಲಿಲ್ಲ. ‘ಕಾಡಿನ ಇಲಿಯಲ್ಲೂ ಈ ರೋಗ ಇರಬಹುದು ಪ್ರೇಮಕ್ಕ. ನಾನು ಇಲಿಯನ್ನ ಹಿಡಿದ ಜಾಗದಲ್ಲೇ ಬಿಡ್ತೀನಿ, ಒಂದು ಊರಿಂದ ಇನ್ನೊಂದು ಊರಿಗೆ ತಂದಿಲ್ಲ’ ಎಂದಳು. ಪ್ರೇಮಕ್ಕ ಮುಖ ತಿರುಗಿಸಿದಳು. ಕಡಹಿನಬೈಲಿಗೆ ಇನ್ನು ಬರಬೇಡಿ ಎಂದು ಊರಿನವರು ಫೋನು ಮಾಡಿಸಿದರು. ಅಂಗಡಿಗೆ ಬಂದ ಒಬ್ಬಿಬ್ಬರು ಕರಿಬಸವಯ್ಯನವರ ಎದುರೂ ಅದನ್ನೇ ಆಡಿದರು. ಆ ಸಂಜೆ ಅಪ್ಪ ಹೊತ್ತಿಗೆ ಮೊದಲೇ ಅಂಗಡಿ ಮುಚ್ಚಿ ಮನೆಗೆ ಬಂದದ್ದು, ಬೈದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಅವಳನ್ನು ನೋಯಿಸಿತು.

ಅವಳು ಲ್ಯಾಬಿನ ಕೆಲಸಕ್ಕೆ ಕೂತಳು. ಮಹೇಶ್ವರನ ರಕ್ತದಲ್ಲಿದ್ದ ವೈರಸ್ಸನ್ನೂ ಬಟ್ಟೆಗೆ ಹತ್ತಿದ ಉಣುಗಿನಲ್ಲಿದ್ದುದನ್ನೂ, ಹಿಂದೆ ಕಪ್ಪೆಗಳ ವಂಶ ಹುಡುಕಿದಂತೆಯೇ, ಈ ರೋಗದ ಹಳೆಯ ಮಾದರಿಗಳ ಪಕ್ಕ ಇಟ್ಟು ನೋಡಲಾಯಿತು. ಅವೆರಡೂ ಒಂದೇ ಕವಲಿನವು, ಆ ಕವಲು ಬಹಳ ಕಾಲದಿಂದ ಇದೇ ಕಾಡುಗಳಲ್ಲಿ ಬದಲಾಗುತ್ತಾ ಬಂದದ್ದು ಎಂದು ಗೊತ್ತಾಯಿತು. ಮೇಗುಂದದ ಇಲಿಗಳಲ್ಲಿ ಅದು ಸಿಗಲಿಲ್ಲ. ಆದರೆ ಈ ವಂಶವೃಕ್ಷದ ಚಿತ್ರ ಹಿಡಿದು ಯಾರಿಗೆ ತೋರಿಸುವುದು?

ಊರಿನ ಬಾಯಿ ಮುಚ್ಚಿಸಿದವನು ಮಹೇಶ್ವರನೇ. ಮೈ ಅರ್ಧ ಇಳಿದು ಆಸ್ಪತ್ರೆಯಿಂದ ಬಂದವನು, ನೋಡಲು ಬಂದವರ ಮುಂದೆ ಹೇಳಿದ: ‘ಅವತ್ತು ಬೆಳಿಗ್ಗೆ ಮುಸಿಯಕ್ಕೆ ಇನ್ನೂ ಜೀವ ಇತ್ತು. ತಲೆ ತೊಡೆ ಮೇಲೆ ಇಟ್ಕೊಂಡು ಬಾಯಿಗೆ ನೀರು ಬಿಟ್ಟೆ. ಉಣುಗು ಆಗಲೇ ನಂಗೆ ಹತ್ತಿರಬೇಕು. ಮೇಡಂ ಆವಾಗ ಇನ್ನೂ ಬಂದಿರಲೇ ಇಲ್ಲ. ಸುಮ್ನೆ ಅವರ ಮೇಲೆ ಹಾಕಬೇಡಿ.’

ಇದು ಕಿವಿಗೆ ಬಿದ್ದಾಗ ನೀಲಾಂಬಿಕೆಗೆ ಸಮಾಧಾನಕ್ಕಿಂತ ಸಂಕಟವೇ ಹೆಚ್ಚಾಯಿತು. ಸಾಯುವ ಪ್ರಾಣಿಯ ಬಾಯಿಗೆ ನೀರು ಬಿಟ್ಟದ್ದಕ್ಕೆ ಈ ಶಿಕ್ಷೆಯೇ ಎಂದು ಅವಳಿಗನಿಸಿತು. ಮಹೇಶ್ವರನನ್ನು ಕಂಡು ಹಾಗೆಯೇ ಹೇಳಿದಳು. ‘ಗೊತ್ತಿದ್ರೂ ನೀರು ಬಿಡ್ತಿದ್ದೆ. ದೂರ ನಿಂತು ಬಿಡ್ತಿದ್ದೆ ಅಷ್ಟೇ’ ಎಂದು ಅವನು ನಕ್ಕ.

ಮುಂದಿನ ಚಳಿಗಾಲದಿಂದ ಸೀತೂರು, ಕಡಹಿನಬೈಲು ಕಡೆ ಮಂಗ ಸತ್ತರೆ ಮೊದಲು ಅವಳಿಗೇ ಫೋನು ಬರತೊಡಗಿತು. ದರಗು ಗುಡಿಸಲು ಹೊರಡುವ ಹೆಂಗಸರು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳದೆ ಹೋದರೆ ಪ್ರೇಮಕ್ಕ ಬೈಯುತ್ತಿದ್ದಳು. ನೀಲಾಂಬಿಕೆ ಕೊಪ್ಪದಲ್ಲೇ ಮನೆ ಹಿಡಿದು, ಅದರ ಹಿಂದಿನ ಕೋಣೆಯನ್ನು ಲ್ಯಾಬು ಮಾಡಿಕೊಂಡಳು.

ಆಮೇಲೆ ಎರಡು ವರ್ಷ ಕಡಹಿನಬೈಲಿನಲ್ಲಿ ಯಾರಿಗೂ ಆ ಜ್ವರ ಬರಲಿಲ್ಲ. ಎಣ್ಣೆಯಿಂದಲೋ, ಉಳಿದ ಮಂಗಗಳ ಮೈ ರೋಗಕ್ಕೆ ಒಗ್ಗಿದ್ದರಿಂದಲೋ, ಅದು ಯಾವುದೋ ಬಿಲದಲ್ಲಿ ಸುಮ್ಮನೆ ಕಾದಿದೆಯೋ ಎಂದು ಜನ ಕೇಳಿದಾಗಲೆಲ್ಲ ಅವಳು, ‘ಗೊತ್ತಿಲ್ಲ, ನೋಡ್ತಾ ಇದ್ದೀನಿ’ ಎನ್ನುತ್ತಿದ್ದಳು. ಹಾಗೆನ್ನಲು ಅವಳಿಗೆ ನಾಚಿಕೆ ಇರಲಿಲ್ಲ.